ಬಯಲಿಗೆ ಒಯ್ದ ಗಾಜಿನ ಪ್ಲೇಟು ಕೆಟ್ಟು ಬಂದಾಗ: ಲಕ್ಷಣ ನೋಡಿ ಕಾರಣ ಹಿಡಿಯುವ ಬಗೆ

ಹಳೆಯ ಮರದ ಕ್ಯಾಮೆರಾದಲ್ಲಿ ಗಾಜಿನ ಪ್ಲೇಟು ಹಾಕಿ ಹೊರಾಂಗಣದಲ್ಲಿ ಚಿತ್ರ ತೆಗೆಯುವವರು, ನೆಗೆಟಿವ್ ಕೆಟ್ಟು ಬಂದದ್ದು ಕಂಡ ಕೂಡಲೇ ಸಾಮಾನ್ಯವಾಗಿ ಡೆವಲಪರಿನ ಮೇಲೆ ಅನುಮಾನ ಪಡುತ್ತಾರೆ. ಆದರೆ ಎಷ್ಟೋ ಸಲ ತಪ್ಪು ನಡೆದಿರುವುದು ಡೆವಲಪರಿನ ತಟ್ಟೆಯಲ್ಲಲ್ಲ, ದಾರಿಯಲ್ಲಿ: ಪೆಟ್ಟಿಗೆಯ ಮುಚ್ಚಳದಲ್ಲಿ, ಪ್ಲೇಟನ್ನು ಕತ್ತಲಲ್ಲಿಟ್ಟು ಕ್ಯಾಮೆರಾಕ್ಕೆ ಹಾಕುವ ಹೋಲ್ಡರಿನ ಸಂದಿಯಲ್ಲಿ, ಬಿಸಿಲಿನಲ್ಲಿ ಬಿಟ್ಟ ಚೀಲದಲ್ಲಿ. ಪ್ಲೇಟು ಎಲ್ಲಿ ಕೆಟ್ಟಿತು ಎಂಬುದರ ಗುರುತು ಬಹುಮಟ್ಟಿಗೆ ಆ ಪ್ಲೇಟಿನ ಮೇಲೆಯೇ ಉಳಿದಿರುತ್ತದೆ. ಅದನ್ನು ಓದುವ ಕ್ರಮವನ್ನು ಇಲ್ಲಿ ಹೇಳಿದ್ದೇನೆ.

ಇಲ್ಲಿನ ಮಾತು ಮುಖ್ಯವಾಗಿ ಜೆಲಟಿನ್ ಲೇಪದ ಡ್ರೈ ಪ್ಲೇಟಿಗೆ ಸಂಬಂಧಿಸಿದ್ದು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ವೆಟ್ ಕೊಲೋಡಿಯನ್ ವಿಧಾನದಲ್ಲಿ ಪ್ಲೇಟನ್ನು ಸ್ಥಳದಲ್ಲೇ ಸಿದ್ಧಪಡಿಸಿ, ಲೇಪ ಒಣಗುವ ಮೊದಲೇ ಚಿತ್ರ ತೆಗೆದು ಡೆವಲಪ್ ಮಾಡಬೇಕಿತ್ತು. ಆದ್ದರಿಂದ 1855ರಲ್ಲಿ ಕ್ರಿಮಿಯಾಕ್ಕೆ ಹೋದ ರೋಜರ್ ಫೆಂಟನ್ ಒಂದು ಬಂಡಿಯನ್ನೇ ಡಾರ್ಕ್‌ರೂಮ್ ಮಾಡಿಕೊಂಡರು. 1866ರಲ್ಲಿ ಹಿಮಾಲಯದ ಮಣಿರಂಗ್ ಕಣಿವೆದಾರಿಯಲ್ಲಿ, 18,000 ಅಡಿಗೂ ಮೇಲೆ, ಚಿತ್ರ ತೆಗೆದ ಸ್ಯಾಮ್ಯುಯೆಲ್ ಬೋರ್ನ್ ಹಿಂದೆ ಗುಡಾರ, ರಸಾಯನ, ಗಾಜು ಹೊತ್ತ ಕೂಲಿಗಳ ಸಾಲೇ ಇತ್ತು. 1856ರಲ್ಲಿ ಹಂಪಿಯ ಚಿತ್ರಗಳನ್ನು ತೆಗೆದ ಅಲೆಕ್ಸಾಂಡರ್ ಗ್ರೀನ್‌ಲಾ ಗಾಜನ್ನು ಬಿಟ್ಟು ದೊಡ್ಡ ಅಳತೆಯ ಕಾಗದದ ನೆಗೆಟಿವ್ ಬಳಸಿದ್ದರು. ಕಾಗದ ಹಗುರ, ಒಡೆಯುವ ಭಯವೂ ಇಲ್ಲ. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಟಿನ್ ಲೇಪದ ದಾರಿ ತೋರಿಸಿ, 1878ರಲ್ಲಿ ಚಾರ್ಲ್ಸ್ ಬೆನೆಟ್ ಆ ಲೇಪದ ವೇಗ ಹೆಚ್ಚಿಸಿದ ಮೇಲೆ, ಮೊದಲೇ ತಯಾರಾದ ಪ್ಲೇಟನ್ನು ತಿಂಗಳುಗಟ್ಟಲೆ ಇಟ್ಟು ಬಳಸಬಹುದಾಯಿತು. ಅಲ್ಲಿಯವರೆಗೆ ಡಾರ್ಕ್‌ರೂಮನ್ನೇ ಹೊರಬೇಕಿತ್ತು, ಆಮೇಲೆ ಕತ್ತಲನ್ನಷ್ಟೇ ಹೊತ್ತರೆ ಸಾಕಾಯಿತು. ಈ ಕೈಪಿಡಿಯ ಸಮಸ್ಯೆಗಳೆಲ್ಲ ಆ ಕತ್ತಲನ್ನು ಕಾಪಾಡುವುದಕ್ಕೆ ಸಂಬಂಧಿಸಿದವು.

ಹುಡುಕಾಟಕ್ಕೆ ಕೂರುವ ಮೊದಲು

ಕೆಟ್ಟ ಪ್ಲೇಟನ್ನು ಎಸೆಯಬೇಡಿ. ಚೆನ್ನಾಗಿ ತೊಳೆದು ಒಣಗಿಸಿ, ಬಿಳಿಯ ಹಾಳೆಯ ಮೇಲೆ ಹಿಡಿದು ನೋಡಿ. ನೆಗೆಟಿವಿನಲ್ಲಿ ಬೆಳಕು ಬಿದ್ದ ಕಡೆ ಕಪ್ಪಾಗುತ್ತದೆ, ಪ್ರಿಂಟಿನಲ್ಲಿ ಅದೇ ಜಾಗ ಬಿಳಿಯಾಗುತ್ತದೆ. ಕೆಳಗೆ ಹೇಳಿರುವ ಕಪ್ಪು, ಬಿಳುಪುಗಳೆಲ್ಲ ನೆಗೆಟಿವಿನವು. ಚಿತ್ರವಲ್ಲದ ಕಡೆಗೆ ಬಿದ್ದ ಬೆಳಕಿನಿಂದಲೋ ರಸಾಯನದಿಂದಲೋ ಉಂಟಾಗುವ ಈ ಅನಗತ್ಯ ಕಪ್ಪನ್ನು ಫಾಗ್ ಎಂದು ಕರೆಯುವುದು ರೂಢಿ.

ಮೊದಲು ನೋಡಬೇಕಾದದ್ದು ಚಿತ್ರವನ್ನಲ್ಲ, ಅಂಚನ್ನು. ಹೋಲ್ಡರಿನೊಳಗೆ ಪ್ಲೇಟನ್ನು ಹಿಡಿದಿಡುವ ಸಣ್ಣ ತುಟಿಯೊಂದು ಇರುತ್ತದೆ. ಅದು ಪ್ಲೇಟಿನ ಅಂಚನ್ನು ಎರಡು ಮೂರು ಮಿಲಿಮೀಟರಿನಷ್ಟು ಮುಚ್ಚಿಕೊಂಡಿರುವುದರಿಂದ, ಕ್ಯಾಮೆರಾದೊಳಗಿನ ಬೆಳಕು ಆ ಪಟ್ಟಿಗೆ ತಾಗುವುದಿಲ್ಲ. ಆ ಅಂಚು ತಿಳಿಗಾಜಿನಂತೆ ಉಳಿದಿದ್ದು ಒಳಭಾಗ ಮಾತ್ರ ಕಪ್ಪಾಗಿದ್ದರೆ, ಪ್ಲೇಟು ಹೋಲ್ಡರಿನಲ್ಲಿದ್ದಾಗ ಬೆಳಕು ಕಂಡಿದೆ. ಅಂಚೂ ಕಪ್ಪಾಗಿದ್ದರೆ ಹೋಲ್ಡರಿಗೆ ಹೋಗುವ ಮೊದಲೋ ಅಲ್ಲಿಂದ ಹೊರಬಂದ ಮೇಲೋ ಕೆಟ್ಟಿದೆ. ಈ ಒಂದು ನೋಟದಿಂದಲೇ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಎರಡನೆಯ ಸಿದ್ಧತೆ, ಹೋಲ್ಡರುಗಳಿಗೆ ಸಂಖ್ಯೆ ಹಾಕುವುದು. ಹೊರಗೆ ಸಂಖ್ಯೆ ಬರೆದರೆ ಮಾತ್ರ ಸಾಲದು. ಒಳತುಟಿಯಲ್ಲಿ ಅರದಿಂದ ಒಂದು, ಎರಡು, ಮೂರು ಎಂದು ಸಣ್ಣ ಕಚ್ಚು ಹಾಕಿಟ್ಟರೆ ಪ್ರತಿ ನೆಗೆಟಿವಿನ ಅಂಚಿನಲ್ಲೂ ಆ ಕಚ್ಚು ಮೂಡಿ, ಯಾವ ಹೋಲ್ಡರಿನದು ಎಂಬುದು ವರ್ಷಗಳ ನಂತರವೂ ತಿಳಿಯುತ್ತದೆ. ಕ್ಯಾಮೆರಾದೊಳಗೆ ದೃಶ್ಯ ತಲೆಕೆಳಗಾಗಿ ಮೂಡುವುದರಿಂದ, ಚಿತ್ರದ ಆಕಾಶದ ಕಡೆ ಕಂಡ ಕಲೆಯ ಮೂಲ ಹೋಲ್ಡರಿನ ಕೆಳಬದಿಯಲ್ಲಿರುತ್ತದೆ ಎಂಬುದನ್ನೂ ಮರೆಯಬಾರದು. ಇದನ್ನು ಮರೆತು ನಾನು ಒಮ್ಮೆ ಸರಿಯಿದ್ದ ಬದಿಯ ಮಖಮಲ್ಲನ್ನು ಕಿತ್ತು ಹೊಸದು ಅಂಟಿಸಿದ್ದುಂಟು.

ಪರೀಕ್ಷೆಗೆ ಬೆಲೆಬಾಳುವ ಪ್ಲೇಟು ಬೇಕಿಲ್ಲ. ಡಾರ್ಕ್‌ರೂಮಿನಲ್ಲಿ ಬಳಸುವ ಕಪ್ಪು-ಬಿಳುಪು ಪ್ರಿಂಟ್ ಕಾಗದವನ್ನು ಪ್ಲೇಟಿನ ಅಳತೆಗೆ ಕತ್ತರಿಸಿ, ಹಿಂದೆ ರಟ್ಟು ಕೊಟ್ಟು ಹೋಲ್ಡರಿಗೆ ತುಂಬಿದರೆ ಸಾಕು. ಅದರ ವೇಗ ಕೈಯಲ್ಲಿ ತಯಾರಿಸಿದ ಡ್ರೈ ಪ್ಲೇಟಿನ ವೇಗಕ್ಕೆ ಹತ್ತಿರವಿರುವುದರಿಂದ, ಪ್ಲೇಟಿಗೆ ತೊಂದರೆ ಕೊಡುವ ಸೋರಿಕೆ ಕಾಗದದಲ್ಲೂ ಕಾಣಿಸುತ್ತದೆ.

ಲಕ್ಷಣ: ಅಂಚೂ ಸೇರಿ ಇಡೀ ಪ್ಲೇಟು ಬೂದಿ ಅಥವಾ ಕಪ್ಪು

ಕ್ಯಾಮೆರಾವನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಅದರ ತಪ್ಪಿಲ್ಲ. ಇದು ಕಪ್ಪೋ ಅಥವಾ ಹಾಲಿನಂತಹ ಬಿಳಿ ಮಬ್ಬೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಹಿಂಬದಿಯಿಂದ ನೋಡಿದಾಗ ಹಾಲು ಚೆಲ್ಲಿದಂತೆ ಕಂಡರೆ ಅದು ಫಾಗ್ ಅಲ್ಲ, ಹೈಪೋ, ಅಂದರೆ ಡೆವಲಪ್ ಆದ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ, ತನ್ನ ಕೆಲಸ ಮುಗಿಸಿಲ್ಲ. ಹೊಸ ಹೈಪೋದಲ್ಲಿ ಇನ್ನಷ್ಟು ಹೊತ್ತು ಇಟ್ಟರೆ ತಿಳಿಯಾಗುತ್ತದೆ.

ನಿಜವಾದ ಫಾಗ್ ಆಗಿದ್ದರೆ ಮೊದಲ ಅನುಮಾನ ಕೆಂಪು ದೀಪದ ಮೇಲೆ. ದೀಪದ ಕೆಳಗೆ ಹೊಸ ಪ್ಲೇಟೊಂದನ್ನು ಲೇಪ ಮೇಲ್ಮುಖವಾಗಿ ಇಟ್ಟು, ಅದರ ಮೇಲೆ ಒಂದು ನಾಣ್ಯವಿರಿಸಿ, ಐದು ನಿಮಿಷ ಬಿಟ್ಟು, ದೀಪ ಆರಿಸಿ ಡೆವಲಪ್ ಮಾಡಿ. ನಾಣ್ಯದ ಆಕಾರ ತಿಳಿಯಾಗಿ ಮೂಡಿದರೆ ದೀಪವೇ ಅಪರಾಧಿ. ಸಾಮಾನ್ಯ ಪ್ಲೇಟು ನೀಲಿ, ನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತದೆ. ಆರ್ಥೋಕ್ರೊಮ್ಯಾಟಿಕ್ ಪ್ಲೇಟಿಗೆ ಹಸಿರೂ ತಾಗುವುದರಿಂದ ಗಾಢ ಕೆಂಪೇ ಬೇಕು. 1906ರಿಂದ ಮಾರುಕಟ್ಟೆಗೆ ಬಂದ ಪ್ಯಾಂಕ್ರೊಮ್ಯಾಟಿಕ್ ಪ್ಲೇಟಿಗೆ ಕೆಂಪು ಬೆಳಕೂ ಆಗದು, ಪೂರ್ಣ ಕತ್ತಲೆಯೇ ಬೇಕು. ಕೆಂಪು ದೀಪ ನಂಬಿ ಪ್ಯಾಂಕ್ರೊಮ್ಯಾಟಿಕ್ ಪ್ಲೇಟು ತುಂಬಿದವರಿಗೆ ಈ ಲಕ್ಷಣ ಖಂಡಿತ.

ನಾಣ್ಯದ ಗುರುತು ಮೂಡದಿದ್ದರೆ, ಡಬ್ಬಿಯಿಂದ ನೇರ ತೆಗೆದ ಪ್ಲೇಟನ್ನು ಪೂರ್ಣ ಕತ್ತಲೆಯಲ್ಲಿ ಡೆವಲಪ್ ಮಾಡಿ ನೋಡಿ. ಅದು ತಿಳಿಯಾಗಿ ಬಂದರೆ ಪ್ಲೇಟೂ ಡೆವಲಪರೂ ಸರಿಯಾಗಿವೆ. ತಪ್ಪು ತುಂಬುವಾಗ ಆಗಿದೆ, ಅಂದರೆ ಕೈಗಳನ್ನಷ್ಟೇ ತೂರಿಸಿ ಕತ್ತಲಲ್ಲಿ ಪ್ಲೇಟು ತುಂಬುವ ಚೇಂಜಿಂಗ್ ಬ್ಯಾಗಿನಲ್ಲೋ ವಸತಿಗೃಹದ ಸ್ನಾನದ ಮನೆಯಲ್ಲೋ. ಬ್ಯಾಗಿಗೆ ಎರಡು ಪದರ ಬಟ್ಟೆ ಇದೆಯೇ, ತೋಳಿನ ಎಲಾಸ್ಟಿಕ್ ಸಡಿಲವಾಗಿದೆಯೇ ಎಂದು ನೋಡಿ. ಅದು ಎಷ್ಟೇ ಒಳ್ಳೆಯದಿದ್ದರೂ ಬಿಸಿಲಿನಲ್ಲಿ ಕೂತು ಬಳಸಬೇಡಿ. ಕೋಣೆಯಲ್ಲಾದರೆ ದೀಪ ಆರಿಸಿ ಹತ್ತು ನಿಮಿಷ ಸುಮ್ಮನೆ ಕೂತು, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಬಾಗಿಲ ಸಂದಿಯನ್ನು ನೋಡಿ. ಮೊದಲ ನಿಮಿಷದಲ್ಲಿ ಕಾಣದ ಬೆಳಕಿನ ಗೆರೆ ಹತ್ತನೆಯ ನಿಮಿಷಕ್ಕೆ ಸ್ಪಷ್ಟವಾಗಿ ಕಾಣುತ್ತದೆ.

ಕತ್ತಲೆಯಲ್ಲಿ ಡೆವಲಪ್ ಮಾಡಿದರೂ ಬೂದಿಯಾಗಿದ್ದರೆ ಡಬ್ಬಿಯೇ ಕೆಟ್ಟಿದೆ. ಆಗ ಕಪ್ಪು ಎಲ್ಲಿಂದ ಶುರುವಾಗಿದೆ ಎಂಬುದನ್ನು ಗಮನಿಸಿ. ನಾಲ್ಕೂ ಅಂಚುಗಳಿಂದ ಒಳಕ್ಕೆ ಹಬ್ಬಿ, ಡಬ್ಬಿಯ ಎಲ್ಲ ಪ್ಲೇಟುಗಳಲ್ಲೂ ಒಂದೇ ಬಗೆಯಾಗಿದ್ದರೆ ಅದು ವಯಸ್ಸಿನ ಫಾಗ್. ಗಾಳಿಯೂ ತೇವವೂ ಅಂಚಿನಿಂದಲೇ ಒಳಬರುತ್ತವೆ. ಒಂದೇ ಬದಿಯಿಂದ ಬಂದು, ಮೇಲಿನ ಪ್ಲೇಟುಗಳಲ್ಲಿ ಹೆಚ್ಚಾಗಿ ಕೆಳಗಿನವುಗಳಲ್ಲಿ ಕಡಿಮೆಯಾಗಿದ್ದರೆ ಡಬ್ಬಿಗೆ ಬೆಳಕು ನುಗ್ಗಿದೆ. ಹಳೆಯ ಕಾರ್ಖಾನೆಗಳು ಒಂದರ ಮೇಲೊಂದು ಮುಚ್ಚಳ ಕೂರುವ ರಟ್ಟಿನ ಡಬ್ಬಿಗಳನ್ನು ಬಳಸುತ್ತಿದ್ದುದು ಇದಕ್ಕಾಗಿಯೇ. ಒಳಗಿನ ಮುಚ್ಚಳ ಕಳೆದುಹೋದ ಡಬ್ಬಿಗೆ ಕಪ್ಪು ಟೇಪು ಸುತ್ತಿದರೆ ಸಾಲದು. ಇಡೀ ಡಬ್ಬಿಯನ್ನು ಬೆಳಕು ತೂರದ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಕು.

ವಿಮಾನದಲ್ಲಿ ಒಯ್ಯುವವರು ಪ್ಲೇಟುಗಳನ್ನು ಎಂದಿಗೂ ಸರಕಿಗೆ ಹಾಕಬಾರದು, ಆ ಸಾಮಾನುಗಳ ಎಕ್ಸ್-ರೇ ಹೆಚ್ಚು ಪ್ರಬಲವಾದದ್ದು. ಕೈಚೀಲದಲ್ಲಿ ಇಟ್ಟುಕೊಂಡು ಕೈಯಿಂದಲೇ ತಪಾಸಣೆ ಮಾಡುವಂತೆ ಕೇಳಿಕೊಳ್ಳಿ. ಡಬ್ಬಿಯನ್ನು ಯಾರೂ ತೆರೆಯದಂತೆ "ಕತ್ತಲೆಯಲ್ಲಿ ಮಾತ್ರ ತೆರೆಯತಕ್ಕದ್ದು" ಎಂದು ಅಲ್ಲಿನವರಿಗೆ ತಿಳಿಯುವ ಭಾಷೆಗಳಲ್ಲಿ ದೊಡ್ಡದಾಗಿ ಬರೆದಿರಬೇಕು, ಜೊತೆಗೆ ತೋರಿಸಲು ಒಂದು ಖಾಲಿ ಪ್ಲೇಟೂ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಲಕ್ಷಣ: ಅಂಚು ತಿಳಿಯಾಗಿದೆ, ಚಿತ್ರದ ಭಾಗ ಮಾತ್ರ ಮಬ್ಬು

ಪ್ಲೇಟು ಹೋಲ್ಡರಿನಲ್ಲಿದ್ದಾಗ, ಹೆಚ್ಚಾಗಿ ಅದರ ಮುಂದೆ ಬೆಳಕು ತಡೆಯುವ ಹಲಗೆ ತೆಗೆದ ಮೇಲೆ, ಬೆಳಕು ಬಿದ್ದಿದೆ. ಎಲ್ಲಕ್ಕಿಂತ ಅಗ್ಗದ ಪರೀಕ್ಷೆಯೆಂದರೆ ಲೆನ್ಸನ್ನೊಮ್ಮೆ ನೋಡುವುದು. ಗಾಜಿನ ಮೇಲೆ ಧೂಳು ಅಥವಾ ಬೂಷ್ಟು ಇದ್ದು, ಬಿಸಿಲು ನೇರವಾಗಿ ಅದಕ್ಕೆ ಬಿದ್ದಿದ್ದರೆ ಇಡೀ ಚಿತ್ರಕ್ಕೆ ತೆಳುವಾದ ಮುಸುಕು ಬರುತ್ತದೆ. ಟೋಪಿಯನ್ನು ಅಡ್ಡ ಹಿಡಿದು ಮತ್ತೊಮ್ಮೆ ಚಿತ್ರ ತೆಗೆದರೆ ಗೊತ್ತಾಗುತ್ತದೆ.

ಅದಲ್ಲವಾದರೆ ಬೆಲ್ಲೋಸ್, ಅಂದರೆ ಕ್ಯಾಮೆರಾದ ತಿದಿಯನ್ನು ಪರೀಕ್ಷಿಸಿ. ರಾತ್ರಿ ದೀಪ ಆರಿಸಿ, ಮೊಬೈಲಿನ ಟಾರ್ಚ್ ಹಚ್ಚಿ ತಿದಿಯೊಳಗಿಟ್ಟು, ಹಿಂಬದಿಯನ್ನು ದಪ್ಪ ಬಟ್ಟೆಯಿಂದ ಮುಚ್ಚಿ, ತಿದಿಯನ್ನು ಪೂರ್ತಿ ಎಳೆದು ಸುತ್ತಲೂ ನೋಡಿ. ಮಡಿಕೆಯ ಮೂಲೆಗಳೇ ಮೊದಲು ಸವೆಯುವ ಜಾಗ. ಆಮೇಲೆ ಲೆನ್ಸಿನ ಹಲಗೆ ಚೌಕಟ್ಟಿಗೆ ಸರಿಯಾಗಿ ಕೂತಿದೆಯೇ, ಹಿಂಬದಿಯ ಚಿಲಕ ಬಿಗಿಯಾಗಿದೆಯೇ ಎಂಬುದು. ಕೊನೆಯದಾಗಿ ಹಗಲಿನ ಪರೀಕ್ಷೆ: ಪ್ರಿಂಟ್ ಕಾಗದ ತುಂಬಿದ ಹೋಲ್ಡರನ್ನು ಕ್ಯಾಮೆರಾಕ್ಕೆ ಹಾಕಿ, ಲೆನ್ಸಿನ ಮುಚ್ಚಳ ತೆಗೆಯದೆಯೇ ಹಲಗೆ ಎಳೆದು, ಕ್ಯಾಮೆರಾವನ್ನು ಬಿಸಿಲಿನಲ್ಲಿ ಐದು ನಿಮಿಷ ಇಟ್ಟು, ನಡುನಡುವೆ ಬದಿ ತಿರುಗಿಸಿ ಡೆವಲಪ್ ಮಾಡಿ. ಕಾಗದ ಬಿಳಿಯಾಗಿ ಬಂದರೆ ಕ್ಯಾಮೆರಾ ಆರೋಗ್ಯವಾಗಿದೆ.

ಒಂದೆರಡು ಸಣ್ಣ ತೂತುಗಳಿದ್ದರೆ ತೆಳುವಾದ ಕಪ್ಪು ಬಟ್ಟೆಯ ತುಂಡನ್ನು ಒಣಗಿದ ಮೇಲೂ ಬಾಗುವ ಅಂಟಿನಿಂದ ಒಳಗಿನಿಂದ ಹಚ್ಚಬಹುದು. ಎಲೆಕ್ಟ್ರಿಕ್ ಟೇಪು ಬೇಡ. ನಮ್ಮ ಬಿಸಿಲಿಗೆ ಅದರ ಅಂಟು ಕರಗಿ ಮಡಿಕೆಗಳು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಬಯಲಿನಲ್ಲಿ ತೂತು ಪತ್ತೆಯಾದರೆ, ಫೋಕಸ್ ಮಾಡುವ ಕರಿಬಟ್ಟೆಯನ್ನೇ ಇಡೀ ಕ್ಯಾಮೆರಾದ ಮೇಲೆ ಹೊದಿಸಿ ಹಲಗೆ ಎಳೆಯುವುದು ಹಳಬರ ಉಪಾಯ, ಅದು ಈಗಲೂ ಸಾಕಾಗುತ್ತದೆ. ಮಡಿಕೆಗಳ ಉದ್ದಕ್ಕೂ ತೊಗಲು ಬಿರುಕು ಬಿಟ್ಟಿದ್ದರೆ ತೇಪೆ ಹಾಕುವುದನ್ನು ನಿಲ್ಲಿಸಿ, ತಿದಿಯನ್ನೇ ಹೊಸದಾಗಿ ಮಾಡಿಕೊಡುವವರ ಬಳಿ ಹೋಗಿ.

ಲಕ್ಷಣ: ಒಂದು ಬದಿಯಿಂದ ಬೀಸಣಿಗೆಯಂತೆ ಹರಡಿದ ಕಪ್ಪು, ಅಥವಾ ನೇರ ಗೆರೆಗಳು

ಹೋಲ್ಡರಿನ ಮುಂದಿನ ಹಲಗೆಯನ್ನು ಪೂರ್ತಿ ಹೊರಗೆ ಎಳೆದಾಗ ಒಂದು ಸೀಳು ತೆರೆದುಕೊಳ್ಳುತ್ತದೆ. ಒಳಗಿರುವ ಮಖಮಲ್ಲಿನ ಪಟ್ಟಿ ಅಥವಾ ಸ್ಪ್ರಿಂಗ್ ಅದನ್ನು ಮುಚ್ಚಬೇಕು. ಮಖಮಲ್ಲು ಸವೆದಾಗ ಬೆಳಕು ಅಲ್ಲಿಂದ ಬೀಸಣಿಗೆಯಾಕಾರದಲ್ಲಿ ನುಗ್ಗುತ್ತದೆ. ಅದನ್ನು ಬದಲಾಯಿಸುವ ಮೊದಲು ನಿಮ್ಮ ಕೈಯನ್ನೇ ಗಮನಿಸಿ. ಹಲಗೆಯನ್ನು ಓರೆಯಾಗಿ, ಒಂದು ಮೂಲೆ ಮೊದಲು ಬರುವಂತೆ ಎಳೆದರೂ ಮರಳಿ ಹಾಕಿದರೂ ಹೊಸ ಮಖಮಲ್ಲು ಕೂಡ ಬೆಳಕು ಬಿಡುತ್ತದೆ. ಸೀಳು ಬಿಸಿಲಿಗೆ ಬೆನ್ನು ಮಾಡಿರಲಿ, ಎಳೆಯುವುದು ನೇರವಾಗಿರಲಿ. ಅರ್ಧದಷ್ಟು ದೂರುಗಳು ಇಷ್ಟಕ್ಕೇ ನಿಲ್ಲುತ್ತವೆ.

ಪುಸ್ತಕದಂತೆ ತೆರೆಯುವ ಹಳೆಯ ಜೋಡಿ ಹೋಲ್ಡರುಗಳಲ್ಲಿ ಕೀಲಿನ ಉದ್ದಕ್ಕೂ ಒಂದು ತೆಳು ಗೆರೆ ಬರುವುದುಂಟು. ಕೊಕ್ಕೆ ಬಿಗಿ ಮಾಡಿ, ಕೀಲಿನ ಬದಿಯನ್ನು ಕೆಳಮುಖವಾಗಿ ಒಯ್ದರೆ ಆಗುತ್ತದೆ. ಬಟ್ಟೆಗೆ ಮರದ ಪಟ್ಟಿ ಅಂಟಿಸಿದ, ಸುರುಳಿಯಂತೆ ಬಾಗುವ ಪರದೆಯ ಹೋಲ್ಡರಿನಲ್ಲಿ ಪಟ್ಟಿಗಳ ನಡುವಿನ ಬಟ್ಟೆ ಸೀಳಿ ಸಮಾನಾಂತರ ಗೆರೆಗಳು ಮೂಡುತ್ತವೆ. ಆ ಗೆರೆಗಳು ಸಮ ಅಂತರದಲ್ಲಿದ್ದರೆ ಬೇರೆ ಪರೀಕ್ಷೆ ಬೇಡ. ಒಂದು ಪ್ಲೇಟಿನ ಚಿತ್ರ ಮಸುಕಾಗಿ ಬೆನ್ನಿಗಿದ್ದ ಇನ್ನೊಂದು ಪ್ಲೇಟಿನ ಮೇಲೂ ಕಂಡರೆ ನಡುವಿನ ಕಪ್ಪು ತಗಡು ಅಥವಾ ರಟ್ಟು ಕಳೆದುಹೋಗಿದೆ. ಹಳೆಯ ಸಾಮಾನಿನ ಅಂಗಡಿಯಿಂದ ತಂದ ಹೋಲ್ಡರುಗಳಲ್ಲಿ ಇದು ಸಾಮಾನ್ಯ.

ಲಕ್ಷಣ: ಅಕ್ಷರ, ಮರದ ನಾರು, ಕಾಗದದ ಮಡಿಕೆ ಪ್ಲೇಟಿನ ಮೇಲೆ ಮೂಡಿದೆ

ನನ್ನನ್ನು ಅತಿ ಹೆಚ್ಚು ಅಲೆಸಿದ ದೋಷ ಇದು. ಪ್ಲೇಟುಗಳನ್ನು ಅಂಚಿನ ಮೇಲೆ ನಿಲ್ಲಿಸಿ ಒಯ್ಯಲು ಒಂದು ಡಜನ್ ಗಾಡಿಗಳುಳ್ಳ, ಅಂದರೆ ಪ್ಲೇಟು ಕೂರುವ ಸೀಳುಗಳುಳ್ಳ, ಪೆಟ್ಟಿಗೆಯನ್ನು ಬಡಗಿಯೊಬ್ಬರಿಂದ ಮಾಡಿಸಿದ್ದೆ. ಪ್ಯಾಕಿಂಗಿಗೆ ಬಳಸುವ ಪೈನ್ ಮರ, ಮೇಲೆ ಹೊಸ ವಾರ್ನಿಷು, ಸಂದಿಗಳೆಲ್ಲ ಬಿಗಿ. ಬೆಳಕು ಒಳಹೋಗುವ ಮಾತೇ ಇರಲಿಲ್ಲ. ಆದರೂ ಪ್ರತಿ ಪ್ರವಾಸದಲ್ಲಿ ಮೊದಲ ಗಾಡಿಯ ಪ್ಲೇಟು ಬೂದು ಬಣ್ಣದ ಅಲೆಗಳಿಂದ ತುಂಬಿ ಬರುತ್ತಿತ್ತು. ಎರಡು ಸಲ ಡೆವಲಪರ್ ಬದಲಿಸಿದೆ, ಒಂದು ಸಲ ನೀರು ಬದಲಿಸಿದೆ. ಮೂರನೆಯ ಸಲ ಒಣಗಿದ ನೆಗೆಟಿವನ್ನು ಸುಮ್ಮನೆ ಪೆಟ್ಟಿಗೆಯ ಗೋಡೆಯ ಪಕ್ಕ ಹಿಡಿದು ನೋಡಿದಾಗ, ಮರದ ನಾರಿನ ಗೆರೆಗೂ ಪ್ಲೇಟಿನ ಗೆರೆಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆ ಪ್ಲೇಟಿನ ಲೇಪದ ಮುಖ ಗೋಡೆಯ ಕಡೆಗಿತ್ತು.

ಇದರ ಕಾರಣವನ್ನು ರಸಾಯನಶಾಸ್ತ್ರಜ್ಞ ವಿಲಿಯಂ ಜೇಮ್ಸ್ ರಸೆಲ್ 1890ರ ದಶಕದ ಕೊನೆಯಲ್ಲಿ ಆರಂಭಿಸಿದ ಪ್ರಯೋಗಗಳಲ್ಲಿ ತೋರಿಸಿಕೊಟ್ಟರು. ರಾಳವುಳ್ಳ ಮರ, ಟರ್ಪಂಟೈನ್, ಕೆಲವು ಮುದ್ರಣದ ಶಾಯಿ, ಹೊಸದಾಗಿ ಉಜ್ಜಿ ಹೊಳಪಿಸಿದ ಸತು ಇವೆಲ್ಲ ಕತ್ತಲೆಯಲ್ಲೂ ಪ್ಲೇಟನ್ನು ಕಪ್ಪಾಗಿಸುತ್ತವೆ; ಅವುಗಳಿಂದ ಬಹು ಸೂಕ್ಷ್ಮ ಪ್ರಮಾಣದಲ್ಲಿ ಹೊರಡುವ ಹೈಡ್ರೋಜನ್ ಪೆರಾಕ್ಸೈಡ್ ಅದಕ್ಕೆ ಕಾರಣ. ಕಪ್ಪು ಕಾಗದ ಬೆಳಕನ್ನು ತಡೆಯಬಲ್ಲದೇ ಹೊರತು ಎಲ್ಲವನ್ನೂ ಅಲ್ಲ. 1896ರಲ್ಲಿ ಆನ್ರಿ ಬೆಕ್ವೆರೆಲ್ ಯುರೇನಿಯಂ ಲವಣದ ವಿಕಿರಣವನ್ನು ಕಂಡದ್ದೂ ಕಪ್ಪು ಕಾಗದದಲ್ಲಿ ಸುತ್ತಿಟ್ಟ ಪ್ಲೇಟು ಕಪ್ಪಾದದ್ದರಿಂದಲೇ.

ಹೀಗಾಗಿ ಪರೀಕ್ಷೆ ಸುಲಭ. ಗುರುತು ಯಾವ ವಸ್ತುವಿನ ಆಕಾರವನ್ನು ಹೋಲುತ್ತದೆ ಎಂದು ನೋಡಿ, ಆ ವಸ್ತುವನ್ನು ಪ್ಲೇಟಿನಿಂದ ದೂರ ಮಾಡಿ. ತೆಗೆದ ಪ್ಲೇಟುಗಳ ನಡುವೆ ದಿನಪತ್ರಿಕೆ ಇಡಬೇಡಿ, ಸುದ್ದಿಯ ಸಾಲುಗಳು ಆಕಾಶದಲ್ಲಿ ಮೂಡಿಯಾವು. ಹೊಸ ಪೆಟ್ಟಿಗೆಯನ್ನು ವಾರ್ನಿಷಿನ ವಾಸನೆ ಪೂರ್ತಿ ಹೋಗುವವರೆಗೆ, ಕೆಲವು ವಾರವಾದರೂ, ಮುಚ್ಚಳ ತೆರೆದು ಗಾಳಿಗೆ ಇಡಿ. ನಾನು ಕೊನೆಗೆ ಮೊದಲ ಮತ್ತು ಕೊನೆಯ ಗಾಡಿಗಳಲ್ಲಿ ಲೇಪವಿಲ್ಲದ ಬರಿಯ ಗಾಜು ನಿಲ್ಲಿಸಿದೆ; ಎರಡು ಪ್ಲೇಟಿನ ಜಾಗ ಹೋಯಿತು, ದೋಷವೂ ಹೋಯಿತು.

ಲಕ್ಷಣ: ಸೂಜಿಮೊನೆಯಂತಹ ತಿಳಿ ಚುಕ್ಕೆಗಳು

ಚಿತ್ರ ತೆಗೆಯುವಾಗ ಲೇಪದ ಮೇಲಿದ್ದ ಧೂಳಿನ ಕಣ ಬೆಳಕನ್ನು ಅಡ್ಡಗಟ್ಟಿದೆ. ಧೂಳು ಬರುವುದು ದಾರಿಯ ಕುಲುಕಾಟದಲ್ಲಿ ಹೋಲ್ಡರಿನ ಮೂಲೆಗಳಿಂದ ಸಡಿಲವಾಗಿ, ಇಲ್ಲವೇ ಹಲಗೆ ಎಳೆದಾಗ ತಿದಿಯೊಳಗಿಂದ. ಪ್ಲೇಟು ತುಂಬುವ ಮೊದಲು ಹೋಲ್ಡರನ್ನು ಒದ್ದೆಯಲ್ಲದ ಮೃದು ಕುಂಚದಿಂದ ಒರೆಸಿ, ತಿದಿಯನ್ನು ಎಳೆದು ತಟ್ಟಿ ಧೂಳು ಕೊಡವಿ, ಹೋಲ್ಡರುಗಳನ್ನು ಒಂದೊಂದಾಗಿ ಬಟ್ಟೆಯ ಚೀಲದಲ್ಲಿಟ್ಟು ಒಯ್ದರೆ ಸಾಕು. ಬಾಯಿಯಿಂದ ಊದಬೇಡಿ. ಉಗುಳಿನ ಹನಿ ಬಿದ್ದ ಕಡೆ ಆಗುವ ಕಲೆಗೆ ಮದ್ದಿಲ್ಲ.

ಬೆರಳಚ್ಚು ಇದೇ ಕುಟುಂಬದ ಇನ್ನೊಂದು ದೋಷ. ಮಂಗಳೂರು, ಕಾರವಾರದ ಕಡೆ ಏಪ್ರಿಲ್ ತಿಂಗಳಿನಲ್ಲಿ ಚೇಂಜಿಂಗ್ ಬ್ಯಾಗಿನೊಳಗೆ ಕೈಯಿಟ್ಟು ಮೂರನೆಯ ನಿಮಿಷಕ್ಕೇ ಬೆವರು ಹರಿಯುತ್ತದೆ. ಅಂಥ ಊರುಗಳಲ್ಲಿ ಹಗಲು ಬ್ಯಾಗಿನಲ್ಲಿ ತುಂಬುವುದಕ್ಕಿಂತ ರಾತ್ರಿ ಕೋಣೆಯಲ್ಲಿ ಫ್ಯಾನಿನ ಕೆಳಗೆ ಮರುದಿನಕ್ಕೆ ಬೇಕಾದಷ್ಟನ್ನು ತುಂಬಿಕೊಳ್ಳುವುದೇ ಮೇಲು, ಪ್ಲೇಟನ್ನು ಹಿಡಿಯುವುದಂತೂ ಯಾವಾಗಲೂ ಅಂಚಿನಿಂದಲೇ.

ಲಕ್ಷಣ: ಗೀರು, ಬಿರುಕು, ಒಡೆದ ಗಾಜು

ಹೋಲ್ಡರನ್ನಾಗಲಿ ಡಬ್ಬಿಯನ್ನಾಗಲಿ ತೆರೆಯುವ ಮೊದಲು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಓರೆ ಮಾಡಿ. ಕಿಣಿಕಿಣಿ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಕಣ್ಣಿಗೆ ಕಾಣದ ಗಾಜಿನ ಚೂರಿರುವ ಚೇಂಜಿಂಗ್ ಬ್ಯಾಗಿಗೆ ಬರಿಗೈ ಹಾಕಬಾರದು. ಕೆಂಪು ದೀಪ ಬಳಸಬಹುದಾದ ಪ್ಲೇಟಾಗಿದ್ದರೆ ಡಾರ್ಕ್‌ರೂಮಿನಲ್ಲಿ ದಪ್ಪ ತೊಗಲಿನ ಕೈಗವಸು ಹಾಕಿಕೊಂಡು ತಟ್ಟೆಯ ಮೇಲೆ ತೆರೆಯಿರಿ. ಪ್ಯಾಂಕ್ರೊಮ್ಯಾಟಿಕ್ ಆಗಿದ್ದರೆ ಆ ಚಿತ್ರದ ಆಸೆ ಬಿಟ್ಟು ಬೆಳಕಿನಲ್ಲೇ ತೆರೆಯುವುದು ಜಾಣತನ. ದೊಡ್ಡ ತುಂಡುಗಳನ್ನು ಹಾಗೆಯೇ ಡೆವಲಪ್ ಮಾಡಿ ನಂತರ ಜೋಡಿಸಿಡಬಹುದು, ಪುಡಿಯಾದದ್ದಕ್ಕೆ ಆಸೆಪಡಬೇಡಿ.

ಕಾರಣದ ವಿಷಯಕ್ಕೆ ಬಂದರೆ, ಭಾರವನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ. 1.6 ಮಿ.ಮೀ. ದಪ್ಪದ ಹಾಫ್ ಪ್ಲೇಟು, ಅಂದರೆ 4¾ × 6½ ಅಂಗುಲದ ಗಾಜು, ಒಂದಕ್ಕೆ ಸುಮಾರು 80 ಗ್ರಾಂ, ಡಜನ್ನಿಗೆ ಒಂದು ಕಿಲೋದಷ್ಟು ತೂಗುತ್ತದೆ. 6½ × 8½ ಅಂಗುಲದ ಹೋಲ್ ಪ್ಲೇಟು 2 ಮಿ.ಮೀ. ದಪ್ಪವಿದ್ದರೆ ಡಜನ್ನಿಗೆ ಎರಡು ಕಿಲೋ ದಾಟುತ್ತದೆ. ಇದನ್ನು ಮಲಗಿಸಿ ಅಟ್ಟಿ ಕಟ್ಟಿ ಒಯ್ದರೆ, ಗುಂಡಿಯಲ್ಲಿ ಗಾಡಿ ಎಗರಿದಾಗ ಮೇಲಿನ ಭಾರವೆಲ್ಲ ಕೆಳಗಿನ ಪ್ಲೇಟಿನ ನಡುಭಾಗಕ್ಕೆ ಬೀಳುತ್ತದೆ. ಕೆಳಗಿನವೇ, ಅದೂ ನಡುವೆಯೇ ಸೀಳಿದ್ದರೆ ಕಾರಣ ಅದು. ಅಂಚಿನ ಮೇಲೆ ನಿಲ್ಲಿಸಿ ಒಯ್ಯಿರಿ. ಮೂಲೆಗಳು ಮಾತ್ರ ಚಕ್ಕೆ ಎದ್ದಿದ್ದರೆ ಪೆಟ್ಟಿಗೆಯ ತಳದಲ್ಲಿ ಮೆತ್ತೆ ಇಲ್ಲವೆಂದು ಅರ್ಥ. ಬಸ್ಸಿನಲ್ಲಿ ಹೋಗುವುದಾದರೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಮುಂದಿನ ಅರ್ಧದಲ್ಲಿ ಕೂರಿ. ಹಿಂದಿನ ಸೀಟಿನಲ್ಲಿ ಕೂತು ಹೊಸಪೇಟೆಗೆ ಹೋದ ದಿನ ನನ್ನ ನಾಲ್ಕು ಪ್ಲೇಟುಗಳು ಹಂಪಿಯನ್ನು ನೋಡಲೇ ಇಲ್ಲ.

ಗೀರುಗಳಿಗೆ ಕಾರಣ ಬೇರೆ. ಡಬ್ಬಿಯೊಳಗೆ ಪ್ಲೇಟುಗಳನ್ನು ಜೋಡಿಜೋಡಿಯಾಗಿ, ಲೇಪದ ಮುಖಗಳು ಒಂದಕ್ಕೊಂದು ಎದುರಾಗಿ ಇಡುವುದು ಹಳೆಯ ಕ್ರಮ. ಹಾಗಿಟ್ಟ ಜೋಡಿ ಅಲುಗಾಡದಂತೆ ಬಿಗಿಯಾಗಿದ್ದರೆ ಸುರಕ್ಷಿತ, ಸಡಿಲವಾಗಿದ್ದರೆ ಒಂದನ್ನೊಂದು ಉಜ್ಜುತ್ತವೆ. ಡಬ್ಬಿಯಲ್ಲಿ ಉಳಿದ ಜಾಗಕ್ಕೆ ಶುದ್ಧ ರಟ್ಟು ತುಂಬಿ. ಎರಡು ಎದುರುಬದುರು ಪ್ಲೇಟುಗಳಲ್ಲಿ ಕನ್ನಡಿಯಲ್ಲಿ ಕಂಡಂತಹ ಗೀರುಗಳಿದ್ದರೆ ನಡುವೆ ಮರಳಿನ ಕಣ ಸಿಕ್ಕಿಕೊಂಡಿತ್ತು.

ಲಕ್ಷಣ: ಲೇಪ ಅಂಟು, ಸುಕ್ಕು, ಅಂಚಿನಿಂದ ಏಳುವುದು, ಬೂಷ್ಟು

ಜೆಲಟಿನ್ ಸೆಕೆಗೂ ತೇವಕ್ಕೂ ಸೋಲುವ ವಸ್ತು. ಡೆವಲಪ್ ಮಾಡುವಾಗ ಅಂಚಿನ ಲೇಪ ನಿರಿಗೆಯಂತೆ ಎದ್ದರೆ ಮೊದಲು ನೀರಿನ ಉಷ್ಣತೆ ಅಳೆಯಿರಿ. ಎಲ್ಲ ದ್ರಾವಣಗಳೂ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಒಂದಕ್ಕೊಂದು ಸಮವಾಗಿರಬೇಕು. ಬೇಸಿಗೆಯಲ್ಲಿ ಟ್ಯಾಂಕಿನ ನೀರು ನೇರ ಬಳಸಿದರೆ ಈ ದೋಷ ತಪ್ಪದು. ತಂಪು ಮಾಡಲಾಗದ ಕಡೆ ಪಟಿಕದ ದ್ರಾವಣದಲ್ಲಿ ಅದ್ದಿ ಲೇಪ ಗಟ್ಟಿ ಮಾಡುವುದು ಉಷ್ಣ ದೇಶಗಳ ಹಳೆಯ ವಾಡಿಕೆ.

ಡೆವಲಪ್ ಮಾಡುವ ಮೊದಲೇ ಪ್ಲೇಟುಗಳು ಒಂದಕ್ಕೊಂದು ಅಂಟಿದ್ದರೆ ತಪ್ಪು ಸಾಗಣೆಯದು. ಬಲವಂತವಾಗಿ ಬಿಡಿಸಬೇಡಿ, ಲೇಪ ಕಿತ್ತು ಬರುತ್ತದೆ. ತಬ್ಬಿಬ್ಬಾಗಿಸುವ ಸಂಗತಿಯೆಂದರೆ, ಎಚ್ಚರಿಕೆಯ ಜನರಿಗೇ ಇದು ಹೆಚ್ಚಾಗಿ ಆಗುತ್ತದೆ: ಪ್ಲೇಟುಗಳನ್ನು ಎ.ಸಿ. ಕಾರಿನಲ್ಲೋ ಫ್ರಿಜ್ಜಿನಲ್ಲೋ ತಂಪಾಗಿಟ್ಟು, ಹೊರಗಿನ ತೇವದ ಗಾಳಿಗೆ ತಂದ ಕೂಡಲೇ ಡಬ್ಬಿ ತೆರೆಯುತ್ತಾರೆ, ತಣ್ಣನೆಯ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಡಬ್ಬಿ ಹೊರಗಿನ ಉಷ್ಣತೆಗೆ ಬರುವವರೆಗೆ, ಎರಡು ಮೂರು ಗಂಟೆಯಾದರೂ, ಮುಚ್ಚಿಯೇ ಇರಲಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಆದರೆ ಪೊಟ್ಟಣ ಲೇಪಕ್ಕೆ ತಾಗಬಾರದು. ತಗಡಿನ ಟ್ರಂಕನ್ನು ಬಿಸಿಲಿನಲ್ಲಿ ಬಿಟ್ಟರೆ ಅದು ಒಲೆಯಾಗುತ್ತದೆ. ನೆರಳು ಸಿಗದಿದ್ದರೆ ಬಿಳಿಯ ಬಟ್ಟೆ ಹೊದಿಸಿ, ನಡುವೆ ಗಾಳಿಯಾಡಲು ಜಾಗ ಬಿಡಿ.

ಬಿಗಿಯಾಗಿ ಮುಚ್ಚಿದ ಲೋಹದ ಡಬ್ಬ ಎಷ್ಟು ಕಾಪಾಡಬಲ್ಲದು ಎಂಬುದಕ್ಕೆ ಛಾಯಾಗ್ರಾಹಕ ಫ್ರಾಂಕ್ ಹರ್ಲಿಯ ಉದಾಹರಣೆಗಿಂತ ಬೇರೆ ಬೇಡ. 1915ರಲ್ಲಿ ಅಂಟಾರ್ಕ್ಟಿಕ್ ಹಿಮದಲ್ಲಿ ಎಂಡ್ಯುರೆನ್ಸ್ ಹಡಗು ಒಡೆದು ನೀರು ತುಂಬಿದಾಗ, ಬೆಸುಗೆ ಹಾಕಿ ಮುಚ್ಚಿದ ಡಬ್ಬಗಳಲ್ಲಿದ್ದ ಅವರ ಗಾಜಿನ ನೆಗೆಟಿವುಗಳು ಕೆಡದೆ ಉಳಿದಿದ್ದವು. ಅವುಗಳಲ್ಲಿ ಸುಮಾರು 120ನ್ನು ಆರಿಸಿಕೊಂಡು ಉಳಿದ 400ರಷ್ಟನ್ನು ಹಿಮದ ಮೇಲೆಯೇ ಒಡೆದುಹಾಕಬೇಕಾಯಿತು, ಭಾರ ಹೊರಲಾಗದೆ.

ಲಕ್ಷಣ: ಚಿತ್ರವೇ ಇಲ್ಲ, ಎರಡು ಚಿತ್ರ ಒಂದರಲ್ಲಿ, ಎಡಬಲ ಅದಲುಬದಲು

ಇವು ಬಹುತೇಕ ಕೈತಪ್ಪುಗಳು. ಚಿತ್ರ ಎಡಬಲ ತಿರುಗಿದ್ದು ತುಸು ಮಸುಕಾಗಿದ್ದರೆ ಗಾಜಿನ ಮುಖವನ್ನು ಲೆನ್ಸಿನ ಕಡೆ ಮಾಡಿ ತುಂಬಿದ್ದೀರಿ. ಗಾಜಿನ ದಪ್ಪದಷ್ಟು ಫೋಕಸ್ ಕೂಡ ತಪ್ಪಿರುತ್ತದೆ. ಬೆನ್ನಿಗೆ ಕಪ್ಪು ಲೇಪವಿದ್ದ ಪ್ಲೇಟಾದರೆ ಚಿತ್ರ ಮೂಡುವುದೇ ಇಲ್ಲ. ಕತ್ತಲೆಯಲ್ಲಿ ಲೇಪದ ಮುಖ ಗುರುತಿಸಲು ಅಂಚಿನ ಮೂಲೆಯನ್ನು ಉಗುರಿನಿಂದ ಹಗುರವಾಗಿ ಮುಟ್ಟಿ: ಗಾಜು ನುಣುಪಾಗಿ ಜಾರುತ್ತದೆ, ಲೇಪ ತುಸು ತಡೆಯುತ್ತದೆ. ಎರಡು ಚಿತ್ರ ಒಂದರ ಮೇಲೊಂದು ಬಿದ್ದಿದ್ದರೆ ತೆಗೆದ ಹೋಲ್ಡರನ್ನು ತೆಗೆಯದವುಗಳೊಂದಿಗೆ ಬೆರೆಸಿದ್ದೀರಿ. ಹಲಗೆಯ ಹಿಡಿಯ ಒಂದು ಮುಖಕ್ಕೆ ಬಿಳಿ, ಇನ್ನೊಂದಕ್ಕೆ ಕಪ್ಪು ಬಣ್ಣ ಬಳಿದು, ಬಿಳಿ ಕಂಡರೆ ಹೊಸದು, ಕಪ್ಪು ಕಂಡರೆ ಮುಗಿದದ್ದು ಎಂದು ರೂಢಿ ಮಾಡಿಕೊಳ್ಳಿ.

ಆಕಾಶಕ್ಕೆ ತಾಗಿದ ಗೋಪುರದ ಅಂಚಿನಲ್ಲೋ ಕಿಟಕಿಯ ಸುತ್ತಲೋ ಪ್ರಭೆ ಹಬ್ಬಿದ್ದರೆ ಅದು ಸಾಗಣೆಯ ದೋಷವಲ್ಲ. ಲೇಪ ದಾಟಿದ ಬೆಳಕು ಗಾಜಿನ ಹಿಂಬದಿಗೆ ಬಡಿದು ಮರಳಿ ಬಂದದ್ದು. ಬೆನ್ನಿಗೆ ಕಪ್ಪು ಲೇಪವಿರುವ ಪ್ಲೇಟು ಕೊಂಡರೆ ಹೋಗುತ್ತದೆ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಮುಚ್ಚಿದ ಪ್ಲೇಟಿನ ಡಬ್ಬಿ ಸಿಕ್ಕರೆ ಕುತೂಹಲಕ್ಕೆ ತೆರೆಯಬೇಡಿ. ಅದರಲ್ಲಿ ತೆಗೆದ, ಆದರೆ ಡೆವಲಪ್ ಆಗದ ಚಿತ್ರಗಳಿರಬಹುದು. ಬಳಕೆಯಾಗದ ಡಬ್ಬಿಯೋ ಅಲ್ಲವೋ ಎಂಬುದು ಹೊರಗಿನ ಮುದ್ರೆ ಒಡೆದಿದೆಯೇ, ಮೇಲೆ ಕೈಬರಹವಿದೆಯೇ ಎಂಬುದರಿಂದ ಸ್ವಲ್ಪಮಟ್ಟಿಗೆ ಊಹಿಸಬಹುದು. ಹಳೆಯ ನೆಗೆಟಿವುಗಳಲ್ಲಿ ಲೇಪ ಹೊಪ್ಪಳೆಯಾಗಿ ಏಳುತ್ತಿದ್ದರೆ ತೊಳೆಯುವುದಾಗಲಿ ಒರೆಸುವುದಾಗಲಿ ಬೇಡ, ಮಲಗಿಸಿದ ಸ್ಥಿತಿಯಲ್ಲೇ ಇಟ್ಟು ವಸ್ತುಸಂಗ್ರಹಾಲಯ ಅಥವಾ ಪತ್ರಾಗಾರದ ಸಂರಕ್ಷಣಾ ತಜ್ಞರಿಗೆ ತೋರಿಸಿ. ಆ ಪೆಟ್ಟಿಗೆಯಲ್ಲಿ ಹೆಸರು ಅಳಿದ ಸೀಸೆಗಳಿದ್ದರೆ ಮೂಸಬೇಡಿ, ಚರಂಡಿಗೂ ಸುರಿಯಬೇಡಿ. ಆ ಕಾಲದ ಛಾಯಾಗ್ರಾಹಕರು ಪೊಟ್ಯಾಸಿಯಂ ಸೈನೈಡ್, ಪಾದರಸದ ಕ್ಲೋರೈಡ್, ಪೈರೋಗ್ಯಾಲಾಲ್ ಎಲ್ಲವನ್ನೂ ಬಳಸುತ್ತಿದ್ದರು, ಮೂರೂ ವಿಷ. ಸೈನೈಡಿಗೆ ಆಮ್ಲ ತಾಗಿದರೆ ಹೊರಡುವ ಅನಿಲ ಪ್ರಾಣ ತೆಗೆಯುತ್ತದೆ. ಹಳೆಯ ಈಥರ್ ಅಥವಾ ಕೊಲೋಡಿಯನ್ ಸೀಸೆಯ ಬಿರಡೆಯನ್ನು ತಿರುಗಿಸಲೂ ಹೋಗಬಾರದು, ಒಣಗಿದ ಉಳಿಕೆ ಸಿಡಿಯಬಲ್ಲದು. ಮಕ್ಕಳನ್ನು ದೂರವಿಟ್ಟು, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೋ ಅಗ್ನಿಶಾಮಕ ದಳಕ್ಕೋ ತಿಳಿಸಿ, ಅವರು ಬಂದು ನೋಡುವವರೆಗೆ ಪೆಟ್ಟಿಗೆಯನ್ನು ಇದ್ದ ಜಾಗದಿಂದ ಕದಲಿಸಬೇಡಿ.